ಗಾಳಿ ಎಲ್ಲರಿಗೂ ಒಂದೇ ಎಂದ ಆಯ್ಕೆ ಸಮಿತಿಗೆ

ರೋಯಿಂಗ್ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ಬೆಳಗಿನ ನಿಂತ ನೀರಿನಲ್ಲಿ ಹತ್ತು ಹುಡುಗಿಯರಿಂದಲೂ, ಹನ್ನೊಂದು ಗಂಟೆಯ ಎದುರುಗಾಳಿಯಲ್ಲಿ ಒಂಬತ್ತು ಹುಡುಗಿಯರಿಂದಲೂ ಹುಟ್ಟು ಹಾಕಿಸಿ, ಎಲ್ಲರ ಸಮಯವನ್ನೂ ಒಂದೇ ಪಟ್ಟಿಯಲ್ಲಿ ಬರೆದು, ಮೇಲಿನ ಹೆಸರಿಗೆ ವಿದೇಶ ಪ್ರಯಾಣ, ಉಳಿದವರಿಗೆ ಭಾಗವಹಿಸಿದ ಪ್ರಮಾಣಪತ್ರ ಎಂದು ತಾವು ತೀರ್ಪು ಕೊಟ್ಟಿದ್ದೀರಿ. ಆ ಪಟ್ಟಿಯಲ್ಲಿ ಎರಡನೆಯ ಹೆಸರು ನನ್ನ ಮಗಳು ಸಿಂಚನಳದು. ಮೊದಲನೆಯವಳಿಗಿಂತ ಅವಳು ಹಿಂದೆ ಬಿದ್ದದ್ದು ಮೂರು ಸೆಕೆಂಡು. ಮೊದಲನೆಯವಳು ಹೊರಟದ್ದು ಬೆಳಿಗ್ಗೆ ಆರೂ ನಲವತ್ತಕ್ಕೆ, ನನ್ನ ಮಗಳು ಹನ್ನೊಂದೂ ಹತ್ತಕ್ಕೆ. ಈ ನಾಲ್ಕೂವರೆ ಗಂಟೆಯಲ್ಲಿ ಕೆರೆಯ ಮೇಲೆ ಏನಾಯಿತು ಎಂಬುದಕ್ಕೆ ತಮ್ಮ ಪಟ್ಟಿಯಲ್ಲಿ ಕಾಲಂ ಇಲ್ಲ. ಅದನ್ನು ತುಂಬಿಕೊಡಲು ಈ ಪತ್ರ.

ರೋಯಿಂಗ್ ಬಗ್ಗೆ ನಿನಗೇನು ಗೊತ್ತು ಎಂದು ತಾವು ಕೇಳಬಹುದು. ತಮ್ಮ ಕಚೇರಿಯಲ್ಲಿ ಕೇಳಿಯೂ ಆಗಿದೆ. ನಾನು ನಂದಗುಡಿ ಹೋಬಳಿಯ ಒಂದು ಹಳ್ಳಿಯಲ್ಲಿ ಇಪ್ಪತ್ತಾರು ವರ್ಷದಿಂದ ಹಾಲಿನ ಡೇರಿಯ ಕಾರ್ಯದರ್ಶಿ. ದಿನಕ್ಕೆ ಎರಡು ಹೊತ್ತು ನೂರ ನಲವತ್ತು ಮನೆಯ ಹಾಲನ್ನು ಒಂದೇ ಯಂತ್ರದಲ್ಲಿ, ಒಂದೇ ರೀತಿಯಲ್ಲಿ ಪರೀಕ್ಷೆ ಮಾಡುತ್ತೇನೆ. ಸೀನಪ್ಪನ ಕ್ಯಾನನ್ನು ತಂದ ಕೂಡಲೇ ನೋಡಿ, ಕದಿರಮ್ಮನ ಕ್ಯಾನನ್ನು ನಾಲ್ಕು ಗಂಟೆ ಬಿಸಿಲಿಗಿಟ್ಟು ಆಮೇಲೆ ನೋಡಿ, 'ಕದಿರಮ್ಮಾ, ನಿನ್ನ ಹಾಲು ಒಡೆದಿದೆ' ಎಂದು ನಾನು ಹೇಳಿದರೆ ಕದಿರಮ್ಮ ಮೇಲ್ಮನವಿ ಬರೆಯುತ್ತಾ ಕೂರುವುದಿಲ್ಲ, ಆ ಕ್ಯಾನನ್ನು ನನ್ನ ತಲೆಯ ಮೇಲೆಯೇ ಸುರಿಯುತ್ತಾಳೆ. ತಮ್ಮ ಸಮಿತಿಯ ಪುಣ್ಯ, ದೋಣಿಯ ಹುಡುಗಿಯರು ಕದಿರಮ್ಮನಷ್ಟು ಚುರುಕಲ್ಲ.

ಈ ಬಹಿರಂಗ ಪತ್ರದ ಓದುಗರಿಗಾಗಿ ಒಂದು ಮಾತು. ಸಿಂಗಲ್ ಸ್ಕಲ್ಸ್ ಎಂದರೆ ಒಬ್ಬರೇ ಕೂರುವ ಸಪೂರ ದೋಣಿ, ಎರಡು ಕೈಗೆ ಎರಡು ಹುಟ್ಟು, ಎರಡು ಕಿಲೋಮೀಟರ್ ನೀರು. ವಿದೇಶದಲ್ಲಿ ನಡೆಯುವ ಕಿರಿಯರ ಸ್ಪರ್ಧೆಗೆ ಒಂದು ದೇಶದಿಂದ ಒಬ್ಬಳಿಗೆ ಮಾತ್ರ ಜಾಗ. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿ ನಮ್ಮ ಕಡೆಯ ಕೆರೆಗಳಿಗೆ ಹರಿಸಿದ ಮೇಲೆ, ದನ ಮೇಯುತ್ತಿದ್ದ ಅಮಾನಿ ಕೆರೆಯಲ್ಲಿ ನೀರು ನಿಂತಿತು, ನೀರು ನಿಂತ ಮೇಲೆ ದೋಣಿ ಬಂತು. ಹೈಸ್ಕೂಲಿನ ವ್ಯಾಯಾಮ ಶಿಕ್ಷಕರು ಸಿಂಚನಳ ಉದ್ದ ಕೈ ನೋಡಿ ಕಬಡ್ಡಿ ಬಿಡಿಸಿ ಇದಕ್ಕೆ ಸೇರಿಸಿದರು. ನಮ್ಮಮ್ಮ ಮುನಿಲಕ್ಷ್ಮಮ್ಮ ಮೊದಲ ದಿನ ದಡದಲ್ಲಿ ನಿಂತು ನೋಡಿ ಗಾಬರಿಯಾದರು.

"ಅಲ್ಲ ಕಣಮ್ಮಿ, ಹೋಗೋ ಕಡೀಕೆ ಬೆನ್ನಾಕ್ಕೊಂಡು ಕೂತಿದೀಯಲ್ಲ, ದಾರಿ ಹೆಂಗೆ ಕಾಣ್ತದೆ?"

"ಕಾಣಲ್ಲ ಅಜ್ಜಿ. ಬಂದಿದ್ ದಾರಿ ಕಾಣ್ತದೆ. ಅದು ನೆಟ್ಟಗಿದ್ರೆ ಮುಂದಿಂದೂ ನೆಟ್ಟಗಿರ್ತದೆ."

ಹೀಗೆ ಬೆನ್ನು ಹಾಕಿಕೊಂಡೇ ಐದು ವರ್ಷ ಕಳೆದಳು. ಈಗ ಅವಳಿಗೆ ಹದಿನೆಂಟು. ಕಿರಿಯರ ವಿಭಾಗದಲ್ಲಿ ಇದೇ ಕೊನೆಯ ವರ್ಷ. ಮುಂದಿನ ಜನವರಿಯಲ್ಲಿ ತಾವು ಎಷ್ಟೇ ನ್ಯಾಯವಾಗಿ ಆಯ್ಕೆ ಮಾಡಿದರೂ ಅದು ಅವಳಿಗೆ ಉಪಯೋಗಕ್ಕೆ ಬರುವುದಿಲ್ಲ.

ಈಗ ನಮ್ಮ ಅಮಾನಿ ಕೆರೆಯಲ್ಲಿ ಆಯ್ಕೆ ನಡೆದ ಆ ದಿನದ ವಿಷಯ. ತಮ್ಮ ಸುತ್ತೋಲೆಯ ಪ್ರಕಾರ ಮೊದಲು ಒಬ್ಬೊಬ್ಬರಾಗಿ ಐದೈದು ನಿಮಿಷದ ಅಂತರದಲ್ಲಿ ಸಮಯ ಪರೀಕ್ಷೆ. ಅದರಲ್ಲಿ ಮುಂದೆ ಬಂದ ಆರು ಮಂದಿಯನ್ನು ಅದೇ ದಿನ ಅಕ್ಕಪಕ್ಕದಲ್ಲಿ ನಿಲ್ಲಿಸಿ ಫೈನಲ್. ಹವಾಮಾನ ಕೆಟ್ಟರೆ ಫೈನಲ್ ಮರುದಿನ ಬೆಳಿಗ್ಗೆ. ಬಹಳ ಚೆಂದದ ಸುತ್ತೋಲೆ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವಂಥದ್ದು. ಹಿಂದಿನ ಸಂಜೆ ಚೀಟಿ ಎತ್ತಿದರು. ಸಿಂಚನಳಿಗೆ ಮೂರನೆಯ ಸರದಿ ಬಂತು. ಒಡಿಶಾದಿಂದ ಇಬ್ಬರು ಹುಡುಗಿಯರು ಬಂದಿದ್ದರು, ಇಬ್ಬರಿಗೂ ಸೇರಿ ಒಂದೇ ದೋಣಿ. ಚೀಟಿಯಲ್ಲಿ ಅವರಿಗೆ ಹದಿನೆಂಟು ಮತ್ತು ಹತ್ತೊಂಬತ್ತು ಬಂದವು. ಒಬ್ಬಳು ಇನ್ನೂ ನೀರಿನಲ್ಲಿರುವಾಗ ಅದೇ ದೋಣಿಯಲ್ಲಿ ಇನ್ನೊಬ್ಬಳು ಹೊರಡುವುದು ಹೇಗೆ? ಯಾರಾದರೂ ಸರದಿ ಬದಲಿಸಿಕೊಳ್ಳುತ್ತೀರಾ ಎಂದು ಅವರ ಕೋಚ್ ಎಲ್ಲರನ್ನೂ ಕೇಳಿದರು. ಎಲ್ಲರೂ ತಮ್ಮ ತಮ್ಮ ಫೋನು ನೋಡಿಕೊಂಡರು. ಹತ್ತೊಂಬತ್ತನೆಯ ಸರದಿಯ ಹುಡುಗಿ ಅಳುವ ಹಾಗೆ ನಿಂತಿದ್ದಳು.

ಸಿಂಚನ ನನ್ನ ಕಡೆ ನೋಡಿದಳು. ನಾನು ಹೇಳಿದೆ, "ಕೊಡವ್ವ. ದೂರದಿಂದ ಬಂದವ್ರೆ. ಕೆರೆ ನಮ್ದು, ನಾವು ಮನೆಯವ್ರು. ಮನೆಯವ್ರು ಕೊನೇ ಪಂಕ್ತೀಲಿ ಕೂತ್ರಾಯ್ತು."

ನಮ್ಮ ಕಡೆ ಊಟಕ್ಕೆ ಕರೆದ ಮೇಲೆ ಮನೆಯವರು ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡರೆ ಊರು ನಗುತ್ತದೆ. ಅವಳು ತಲೆಯಾಡಿಸಿ ಸರದಿ ಕೊಟ್ಟಳು. ಲೆಕ್ಕ ಹಾಕದೆ ನಾನು ಹೇಳಿದ್ದಲ್ಲ ಎಂಬುದನ್ನೂ ತಿಳಿಸಿಬಿಡುತ್ತೇನೆ. ಆರೂವರೆಗೆ ಶುರುವಾದರೆ ಹತ್ತೊಂಬತ್ತನೆಯವಳು ಎಂಟಕ್ಕೆ ಹೊರಡಬೇಕು. ಜನವರಿಯಲ್ಲಿ ನಮ್ಮ ಕಡೆ ಒಂಬತ್ತೂವರೆಗೆ ಮುಂಚೆ ಗಾಳಿ ಏಳುವುದಿಲ್ಲ. ಇದನ್ನು ಹೇಳಲು ಹವಾಮಾನ ಇಲಾಖೆ ಬೇಡ, ರಾಗಿ ತೂರಿದ ಯಾರನ್ನು ಕೇಳಿದರೂ ಸಾಕು. ಈಗ ಒಕ್ಕಣೆಗೆ ಯಂತ್ರ ಬಂದಿದೆ, ಆದರೂ ಮನೆಯ ಮಟ್ಟಿನ ರಾಗಿಯನ್ನು ಅಮ್ಮ ಮೊರದಲ್ಲೇ ತೂರುತ್ತಾರೆ. ಒಂಬತ್ತೂವರೆಯವರೆಗೆ ಕಣದಲ್ಲಿ ಸುಮ್ಮನೆ ಕೂತಿರುತ್ತಾರೆ, ಮೂಡಗಾಳಿ ಎದ್ದ ಮೇಲೆಯೇ ಮೊರ ಎತ್ತುವುದು. ಅದಕ್ಕೆ ಮುಂಚೆ ಎತ್ತಿದರೆ ಹೊಟ್ಟು, ಕಾಳು ಎರಡೂ ಕಾಲ ಬುಡದಲ್ಲೇ ಬೀಳುತ್ತವೆ. ಆದ್ದರಿಂದ ಎಂಟು ಗಂಟೆಗೆ ಭಯವಿಲ್ಲ ಎಂದುಕೊಂಡೆ. ಗಾಳಿಯ ಹೊತ್ತು ನನಗೆ ಗೊತ್ತಿತ್ತು. ಮುಖ್ಯ ಅತಿಥಿಗಳ ಹೊತ್ತು ಗೊತ್ತಿರಲಿಲ್ಲ.

ಹತ್ತನೆಯ ಹುಡುಗಿ ಹೊರಟದ್ದು ಏಳೂ ಕಾಲಿಗೆ. ಅಷ್ಟರಲ್ಲಿ ಮೈಕಿನಲ್ಲಿ, ಉದ್ಘಾಟನೆಗೆ ಮುಖ್ಯ ಅತಿಥಿಗಳು ಬರುತ್ತಿರುವುದರಿಂದ ಸ್ಪರ್ಧೆಯನ್ನು ಹತ್ತು ನಿಮಿಷ ನಿಲ್ಲಿಸಲಾಗಿದೆ ಎಂದರು. ಅರ್ಧ ಮುಗಿದ ಸ್ಪರ್ಧೆಯನ್ನು ಉದ್ಘಾಟಿಸುವ ಪದ್ಧತಿ ನಾನು ಕಂಡದ್ದು ಅದೇ ಮೊದಲು. ಮುಖ್ಯ ಅತಿಥಿಗಳು ಒಂಬತ್ತೂ ಕಾಲಿಗೆ ಬಂದರು. ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ. ಆಮೇಲೆ ಭಾಷಣ. ಗ್ರಾಮೀಣ ಪ್ರತಿಭೆಗಳಿಗೆ ಅವಕಾಶ ಸಿಗಬೇಕು ಎಂದು ಅವರು ಮುಕ್ಕಾಲು ಗಂಟೆ ಹೇಳಿದರು. ಗ್ರಾಮೀಣ ಪ್ರತಿಭೆ ಬೆಳಿಗ್ಗೆ ಐದಕ್ಕೆ ಎರಡು ಬಾಳೆಹಣ್ಣು ತಿಂದು, ಮೈ ಬಿಸಿ ಮಾಡಿಕೊಂಡು, ತಣ್ಣಗಾಗಿ, ಮತ್ತೆ ಬಿಸಿ ಮಾಡಿಕೊಂಡು ಶಾಮಿಯಾನದ ಹಿಂದೆ ನಿಂತಿತ್ತು. ಅವರ ಮಾತಿನ ಮಧ್ಯದಲ್ಲೇ ವೇದಿಕೆಯ ಬ್ಯಾನರು ಪಟಪಟ ಎನ್ನತೊಡಗಿತು. ಅಮ್ಮ ನನ್ನ ತೋಳು ಹಿಡಿದುಕೊಂಡರು.

"ಲೋ ಬೈಲಾ, ತೂರೋ ಗಾಳಿ ಎದ್ದದೆ ಕಣೋ. ಇದ್ರಾಗೆ ಮಗೀನ ಬಿಡ್ತಾರಾ?"

ಬಿಟ್ಟರು. ಹತ್ತೂವರೆಗೆ ಹನ್ನೊಂದನೆಯವಳು, ಹನ್ನೊಂದೂ ಐದಕ್ಕೆ ಹದಿನೆಂಟನೆಯವಳು, ಹನ್ನೊಂದೂ ಹತ್ತಕ್ಕೆ ನನ್ನ ಮಗಳು. ಗುರಿ ಇದ್ದದ್ದು ಮೂಡಣಕ್ಕೆ, ಗಾಳಿ ಬರುತ್ತಿದ್ದದ್ದು ಅಲ್ಲಿಂದಲೇ. ನೀರಿನಿಂದ ಎತ್ತಿದ ಹುಟ್ಟನ್ನು ಗಾಳಿ ಹಿಡಿದು ಹಿಂದಕ್ಕೆ ತಳ್ಳುತ್ತಿತ್ತು. ಅಲೆ ದೋಣಿಯೊಳಗೇ ಬೀಳುತ್ತಿತ್ತು. ಎಂಟು ನಿಮಿಷ ಹನ್ನೆರಡು ಸೆಕೆಂಡಿಗೆ ಅವಳು ಗುರಿ ಮುಟ್ಟಿದಳು. ದಡಕ್ಕೆ ಬಂದಾಗ ಅವಳ ಬೆರಳು ಬಿಡಿಸಲು ಇಬ್ಬರು ಬೇಕಾಯಿತು.

ತಾವು ಅಂಕಿಅಂಶ ನಂಬುವವರು, ಅದಕ್ಕೇ ಒಂದು ಅಂಕಿ ಕೊಡುತ್ತೇನೆ. ಒಡಿಶಾದ ಆ ಇಬ್ಬರೂ ಒಂದೇ ದೋಣಿಯವರು. ಕಳೆದ ವರ್ಷದ ಸ್ಪರ್ಧೆಗಳಲ್ಲಿ ಅವರ ನಡುವಿನ ಅಂತರ ಎಂದೂ ಮೂರು ಸೆಕೆಂಡು ದಾಟಿಲ್ಲ. ಆ ದಿನ ಬೆಳಿಗ್ಗೆ ನನ್ನ ಮಗಳ ಸರದಿಯಲ್ಲಿ ಹೋಗಿ ತಮ್ಮ ಪಟ್ಟಿಯಲ್ಲಿ ಮೊದಲು ಬಂದವಳು ಎಂಟು ನಿಮಿಷ ಒಂಬತ್ತು ಸೆಕೆಂಡು, ಹನ್ನೊಂದು ಗಂಟೆಗೆ ಹೋದವಳು ಎಂಟು ನಿಮಿಷ ನಲವತ್ತಮೂರು. ಅದೇ ದೋಣಿ, ಅದೇ ಹುಟ್ಟು, ಅದೇ ಕೆರೆ. ಮೂವತ್ತನಾಲ್ಕು ಸೆಕೆಂಡು ಎಲ್ಲಿಂದ ಬಂತು ಸ್ವಾಮಿ? ಆ ಹುಡುಗಿ ನಡುವೆ ಎಲ್ಲಾದರೂ ಟೀ ಕುಡಿಯಲು ನಿಂತಿದ್ದಳೇ?

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆ. ಫೈನಲ್ ಇದೆಯಲ್ಲ, ಆರು ಮಂದಿ ಪಕ್ಕಪಕ್ಕದಲ್ಲಿ ಹೋಗುತ್ತಾರೆ, ಹಾಲಿನದು ಹಾಲಿಗೆ ನೀರಿನದು ನೀರಿಗೆ ಅಲ್ಲೇ ಆಗುತ್ತದೆ ಎಂದುಕೊಂಡಿದ್ದೆ. ಆದರೆ ಹನ್ನೊಂದೂ ಮುಕ್ಕಾಲಿಗೆ ತಾವು ಸಹಿ ಮಾಡಿದ ಪ್ರಕಟಣೆ ಬಂತು. 'ಗಾಳಿ ತೀವ್ರವಾಗಿದ್ದು ಸ್ಪರ್ಧೆಗೆ ಯೋಗ್ಯವಲ್ಲದ ಕಾರಣ ಫೈನಲ್ ರದ್ದುಪಡಿಸಲಾಗಿದೆ. ಸಮಯ ಪರೀಕ್ಷೆಯ ಫಲಿತಾಂಶವೇ ಅಂತಿಮ.' ಫೈನಲ್‌ಗೆ ಯೋಗ್ಯವಲ್ಲದ ಗಾಳಿ ಅರ್ಧ ಗಂಟೆ ಮುಂಚೆ ನನ್ನ ಮಗಳಿಗೆ ಹೇಗೆ ಯೋಗ್ಯವಾಗಿತ್ತು? ಮರುದಿನ ಬೆಳಿಗ್ಗೆ ಎಂದು ಸುತ್ತೋಲೆಯಲ್ಲಿ ಇತ್ತಲ್ಲ ಎಂದು ಕೇಳಿದೆ. ಸಮಿತಿಯವರಿಗೆ ನಾಲ್ಕು ಗಂಟೆಗೆ ವಿಮಾನ ಎಂದು ಗೊತ್ತಾಯಿತು. ದೇವನಹಳ್ಳಿಯ ವಿಮಾನ ನಿಲ್ದಾಣ ಇಷ್ಟು ಹತ್ತಿರವಿರುವುದು ನಮ್ಮ ಜಿಲ್ಲೆಯ ಭಾಗ್ಯ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಭೂಮಿಗೆ ಬೆಲೆ ಬಂದಿರುವುದೂ ನಿಜ. ಆ ಮಧ್ಯಾಹ್ನ ಮಾತ್ರ ಅದು ಇನ್ನೊಂದು ನೂರು ಮೈಲಿ ಆಚೆಗಿದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ತಮ್ಮ ಕಚೇರಿಗೆ ಎರಡು ಸಲ ಬಂದೆ. ತಾವು ಸಿಗಲಿಲ್ಲ. ತಾಂತ್ರಿಕ ಸದಸ್ಯರೊಬ್ಬರು ಸಿಕ್ಕರು, ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಅವರ ಸೌಜನ್ಯಕ್ಕೆ ಕೃತಜ್ಞ.

"ನೋಡ್ರೀ ಬೈಲಪ್ಪನೋರೆ, ಗಾಳಿ ಎಲ್ರಿಗೂ ಒಂದೇ. ಹೊರಾಂಗಣ ಕ್ರೀಡೆ ಅಂದ್ರೆ ಇದೆಲ್ಲ ಇರ್ತದೆ."

"ಗಾಳಿ ಒಂದೇ ಸಾರ್, ಹೊತ್ತು ಬೇರೆ," ಎಂದೆ.

"ಕುಣಿಲಾರ್ದೋಳು ನೆಲ ಡೊಂಕು ಅಂದ್ಳಂತೆ, ಹಂಗಾಯ್ತು ನಿಮ್ದು," ಎಂದು ಅವರು ನಕ್ಕರು.

ಗಾದೆ ಒಳ್ಳೆಯದೇ. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದು, ಡೊಂಕಾಗಿದೆ ಎಂದು ನೆಲದ ಯಜಮಾನರೇ ಬರೆದು ಸಹಿ ಹಾಕಿರುವಾಗ, ಕುಣಿದವಳು ಏನನ್ನಬೇಕು ಎಂಬುದಕ್ಕೆ ನಮ್ಮ ಹಿರಿಯರು ಗಾದೆ ಕಟ್ಟಿಲ್ಲ.

ಕೊನೆಗೆ ಲಿಖಿತ ಉತ್ತರ ಬಂತು. ಅದರ ಒಂದು ಸಾಲನ್ನು ನಾನು ದಿನಾ ಓದುತ್ತೇನೆ. 'ಸದರಿ ಕ್ರೀಡಾಪಟುವು ತನ್ನ ಸರದಿಯನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುವುದರಿಂದ ಪರಿಣಾಮಕ್ಕೆ ಸಮಿತಿಯು ಹೊಣೆಯಲ್ಲ.' ತಾವು ಬರೆದದ್ದರಲ್ಲಿ ನನಗೆ ನಾಟಿದ ಸಾಲು ಇದೊಂದೇ, ಏಕೆಂದರೆ ಇದರಲ್ಲಿ ಅರ್ಧ ಸತ್ಯವಿದೆ. ಇಚ್ಛೆ ಅವಳದ್ದಲ್ಲ, ನನ್ನದು. ಡೇರಿ ಕಟ್ಟಡದ ಉದ್ಘಾಟನೆಗೆ ಹತ್ತು ಗಂಟೆಗೆ ಬರುತ್ತೇನೆಂದವರನ್ನು ಮಧ್ಯಾಹ್ನ ಎರಡರವರೆಗೆ ಹಾರ ಹಿಡಿದು ಕಾದವನು ನಾನೇ. ಅಂಥ ನನಗೆ ಎಂಟು ಗಂಟೆ ಎಂದರೆ ಎಂಟಲ್ಲ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ದೊಡ್ಡಸ್ತಿಕೆಯ ಮಾತಾಡಿಬಿಟ್ಟೆ, ಅದಕ್ಕೆ ಮಗಳು ದುಡಿದಳು. ಮನೆಗೆ ಬರುವ ದಾರಿಯಲ್ಲಿ, "ನೀನು ಹೇಳ್ದಿದ್ರೂ ನಾನೇ ಕೊಡ್ತಿದ್ದೆ ಬಿಡಪ್ಪಾ," ಎಂದಳು. ಇಪ್ಪತ್ತಾರು ವರ್ಷ ಹಾಲಿಗೆ ನೀರು ಬೆರೆಸಿದವರ ಮುಖ ನೋಡಿದವನು ನಾನು. ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಗೊತ್ತಾಯಿತು. ಆ ಮಾತಿಗಿಂತ ಅವಳು ನಾಲ್ಕು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೊದಲು ಬಂದ ಒಡಿಶಾದ ಹುಡುಗಿಯ ಮೇಲೆ ನನಗೆ ಯಾವ ದೂರೂ ಇಲ್ಲ. ಗಟ್ಟಿ ಹುಡುಗಿ. ಅವಳು ಮೋಸ ಮಾಡಿಲ್ಲ, ಕೊಟ್ಟದ್ದನ್ನು ತೆಗೆದುಕೊಂಡಳು. ಕಳೆದ ವಾರ ಅವಳೇ ಸಿಂಚನಳಿಗೆ ಫೋನು ಮಾಡಿ, ಇದು ನನಗೆ ಗೆದ್ದ ಹಾಗೆ ಅನ್ನಿಸುತ್ತಿಲ್ಲ, ಇಬ್ಬರೂ ಒಟ್ಟಿಗೆ ಹುಟ್ಟು ಹಾಕಿ ನೋಡೋಣ ಎಂದಳು. ಆಮೇಲೆ ನನ್ನನ್ನೂ ಕರೆದು, ಅಂಕಲ್, ನಾನು ಹೀಗೆ ಹೇಳಿದೆ ಅಂತ ಬರೆಯಿರಿ ಎಂದಳು. ಅವಳ ಕೋಚ್‌ಗೆ ಇದು ಇಷ್ಟವಿಲ್ಲ, ಆತನ ಜಾಗದಲ್ಲಿದ್ದರೆ ನನಗೂ ಇಷ್ಟವಾಗುತ್ತಿರಲಿಲ್ಲ. ಆದರೂ ಹದಿನೆಂಟು ವರ್ಷದ ಎರಡು ಮಕ್ಕಳಿಗೆ ಅರ್ಥವಾದದ್ದು ತಮ್ಮ ಸಮಿತಿಯ ಏಳು ಮಂದಿ ಹಿರಿಯರಿಗೆ ಅರ್ಥವಾಗದೆ ಹೋಗುವುದು ಹೇಗೆ ಎಂಬುದು ನನಗೆ ತಿಳಿಯುತ್ತಿಲ್ಲ.

ನನ್ನ ಬೇಡಿಕೆ ಇಷ್ಟೇ. ಹೆಸರು ಕಳಿಸಲು ಇನ್ನೂ ಹದಿನಾರು ದಿನ ಉಳಿದಿದೆ. ಅದರಲ್ಲಿ ಒಂದು ಬೆಳಿಗ್ಗೆ, ಯಾವ ಕೆರೆಯಾದರೂ ಸರಿ, ಇಬ್ಬರನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ಒಂದೇ ಸೀಟಿ ಊದಿಸಿ. ಒಡಿಶಾದಲ್ಲೇ ಮಾಡಿ, ನಾವೇ ಬರುತ್ತೇವೆ. ವೇದಿಕೆ ಬೇಡ, ಮೈಕು ಬೇಡ, ಯಾರನ್ನೂ ಕರೆಯುವುದೂ ಬೇಡ. ಎಂಟೂವರೆ ನಿಮಿಷದ ಕೆಲಸ.

ಅವಳು ಗೆದ್ದೇ ಗೆಲ್ಲುತ್ತಾಳೆ ಎಂದು ನಾನು ಹೇಳುತ್ತಿಲ್ಲ. ಸೋತರೂ ಸೋಲಬಹುದು. ಸೋತರೆ ಸಿಂಚನ ಸೋತಳು ಎಂದಾಗುತ್ತದೆ, ಅತ್ತು, ಉಂಡು, ಮರುದಿನ ಎದ್ದು ಮತ್ತೆ ಹುಟ್ಟು ಹಿಡಿಯುತ್ತಾಳೆ. ಈಗ ಹಾಗಲ್ಲ. ಈಗ ಅವಳನ್ನು ಸೋಲಿಸಿದವನು ಅಪ್ಪ. ಅವಳು ಅದನ್ನು ಹೇಳುವುದಿಲ್ಲ, ನಾನು ಕೇಳುವುದಿಲ್ಲ, ಒಂದೇ ಮನೆಯಲ್ಲಿ ಎದುರುಬದುರು ಕೂತು ಮುದ್ದೆ ಉಣ್ಣುತ್ತೇವೆ. ತಾವು ಮನಸ್ಸು ಮಾಡಿದರೆ ಅವಳ ಸೋಲನ್ನಾದರೂ ಅವಳಿಗೆ ಕೊಡಬಹುದು.

ಇಂತಿ,
ತಮ್ಮ ಉತ್ತರಕ್ಕಿಂತ ಮಗಳ ಮೌನಕ್ಕೆ ಹೆಚ್ಚು ಹೆದರಿರುವ,
ಬೈಲಪ್ಪ
ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ, ನಂದಗುಡಿ ಹೋಬಳಿ, ಹೊಸಕೋಟೆ ತಾಲ್ಲೂಕು