ಎರಡೂರಲ್ಲಿ ಒಂದೇ ಹೆಸರು

5-10-2018, ಶುಕ್ರವಾರ

ಪೂಜೆ ಮುಗಿಯಿತು. ಹಾಲು ಮತ್ತೆ ನೀರು. ಹಾಲಿನವನಿಗೆ ಹೇಳಬೇಕು.

ಹತ್ತಕ್ಕೆ ಅಂಗನವಾಡಿ ಟೀಚರ್ ಹೈಮಾವತಿ ಬಂದಳು. ವಿಜಯವಾಡದಲ್ಲಿ ನಮ್ಮ ಪಟಮಟದ ಈ ನಾಲ್ಕು ಬೀದಿಗಳ ಮತದಾರರ ಪಟ್ಟಿ ಅವಳ ಜವಾಬ್ದಾರಿ. ಹದಿನೆಂಟು ತುಂಬಿದವರು ಇದ್ದಾರಾ ಎಂದಳು. ಇದ್ದಾಳೆ — ಮೊಮ್ಮಗಳು ಸಾಯಿಪ್ರಿಯಾ. ವೈಜಾಗಿನಲ್ಲಿ ಡಿಗ್ರಿ, ಹಾಸ್ಟೆಲ್ಲು.

ಫಾರಂ ನಾನೇ ತುಂಬಿದೆ. ಫೋಟೊ, ಆಧಾರ್ ಜೆರಾಕ್ಸ್ ಬೀರುವಿನಲ್ಲೇ ಇದ್ದವು.

"ಸಂತಕಂ ಹುಡುಗೀದೇ ಬೇಕು ಅಮ್ಮಗಾರು. ನೀವು ಹಾಕಬಾರದು."

"ನಾಳೆ ಬಾ. ಸಹಿ ಇರ್ತತಿ."

ಅವಳು ಹೋದ ಮೇಲೆ ಹಾಕಿದೆ. ಬ್ಯಾಂಕು, ಗ್ಯಾಸು, ಸ್ಕೂಲು... ಈ ಮನೆಯ ಎಲ್ಲರ ಸಹಿಯೂ ನನಗೆ ಬರುತ್ತದೆ. ಇವಳದು ಸುಲಭ, ಕೊನೆಗೊಂದು ಸುಳಿ.

ಬಳ್ಳಾರಿಯಿಂದ ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ಒಂಬತ್ತು ಓಟು. ಕ್ಯಾಂಡಿಡೇಟೇ ಬಂದು ಮಾವನವರಿಗೆ ಕೈ ಮುಗಿಯುತ್ತಿದ್ದ. ಈಗ ಮೂರು — ನಾನು, ಮಗ ದುರ್ಗಾಪ್ರಸಾದ, ಸೊಸೆ ಸುಲೋಚನಾ. ಬಾಗಿಲ ಸಂದಿಗೆ ಕಾಗದ ಸಿಕ್ಕಿಸಿ ಹೋಗುತ್ತಾರೆ. ನಾಲ್ಕಾಗಲಿ. ಕಾರ್ಡು ಬಂದಾಗ ನಾನೇ ಮಗುವಿನ ಕೈಗೆ ಕೊಡಬೇಕು.

17-10-2018, ಬುಧವಾರ

ಸಾಯಿ ನಿನ್ನೆ ಸಂಜೆ ರತ್ನಾಚಲ್ ರೈಲಿಗೆ ಬಂದಳು. ಸೊರಗಿದ್ದಾಳೆ. ಬಾಯಿ ಮಾತ್ರ ಸೊರಗಿಲ್ಲ.

ಕಾಲೇಜಿನಲ್ಲಿ ಮತದಾರರ ಕ್ಲಬ್ಬಂತೆ, ಇವಳೇ ಲೀಡರ್. ಹೊಸ ಹುಡುಗ ಹುಡುಗಿಯರ ಹೆಸರು ಸೇರಿಸುವುದು, ಓಟು ಹಾಕುವುದು ಹೇಗೆಂದು ಕಲಿಸುವುದು. ಇವತ್ತು ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ಎಲ್ಲರನ್ನೂ ಸೇರಿಸಿದಳು. ಟಿವಿ ಬಂದಿದ್ದ ರಟ್ಟಿನ ಡಬ್ಬವೇ ಮರೆ. ಹಬ್ಬದ ದಿನ ಎಲ್ಲರಿಗೂ ಒಂದೇ ಟಿಫಿನ್ — ಇಡ್ಲಿಯೋ, ಪೆಸರಟ್ಟೋ, ಉಪ್ಪಿಟ್ಟೋ? ಬಿಸ್ಕತ್ತಿನ ಡಬ್ಬಿಗೆ ಚೀಟಿ ಹಾಕಿ.

ಉಪ್ಪಿಟ್ಟು ಎಂದು ಮಗನಿಗೂ ಸೊಸೆಗೂ ಮೊದಲೇ ಹೇಳಿದ್ದೆ. ಎಣಿಸಿದಾಗ ಉಪ್ಪಿಟ್ಟಿಗೆ ಒಂದು.

ಮೂರು ಬರಬೇಕಿತ್ತು.

ಸುಲೋಚನಾ ನೆಲ ನೋಡುತ್ತಿದ್ದಳು. ದುರ್ಗ ಫೋನ್ ನೋಡುತ್ತಿದ್ದ.

"ಆ ಚೀಟಿ ಇತ್ಲಾಗೆ ಕೊಡು. ಕೈಬರಹ ನೋಡ್ತೀನಿ."

ಸಾಯಿ ಡಬ್ಬಿಯನ್ನು ಎದೆಗವಚಿಕೊಂಡಳು. "ಕೊಡಲ್ಲ ನಾನಮ್ಮಾ. ಯಾರದು ಅಂತ ಕೇಳಬಾರದು ಕದಾ. ಅದಕ್ಕೇ ಡಬ್ಬಿ."

ಅಜ್ಜಿ ಎನ್ನು ಎಂದರೆ ಕೇಳುವುದಿಲ್ಲ, ತೆಲುಗಿನ ನಾನಮ್ಮನೇ. "ಕದಾ ಬಿಟ್ಟು ಕನ್ನಡದಾಗ ಮಾತಾಡು" ಎಂದೆ. ಎಲ್ಲರೂ ನಕ್ಕರು. ಡಬ್ಬಿ ಮಾತ್ರ ಕೊಡಲಿಲ್ಲ. ವಾಚ್‌ಮನ್ನನ ಹೆಂಡತಿ ಕಾಳಮ್ಮನಿಗೆ ಓದು ಬಾರದು. ಅವಳಿಗಾಗಿ ಸಾಯಿ ಚೀಟಿಯ ಮೇಲೆ ಮೂರೂ ತಿಂಡಿಯ ಚಿತ್ರ ಬರೆದಿದ್ದಳು. ಕಾಳಮ್ಮ ಮರೆಯಿಂದ ಹೊರಬಂದಾಗ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಡೆದಳು. ಇಷ್ಟು ವರ್ಷದಲ್ಲಿ ಅವಳು ಹಾಗೆ ನಡೆದದ್ದು ನೋಡಿಲ್ಲ.

ಸಿಟ್ಟು ಬಂದಿತ್ತು. ಊಟದ ಹೊತ್ತಿಗೆ ಇರಲಿಲ್ಲ. ನನ್ನೆದುರು ಡಬ್ಬಿ ಬಿಟ್ಟುಕೊಡದವರು ಈ ಮನೆಯಲ್ಲಿ ಇವಳೊಬ್ಬಳೇ.

ಕೈ ತೊಳೆಯುತ್ತ ಹೇಳಿದಳು — "ನನ್ನ ಓಟು ವೈಜಾಗಿನಾಗ. ವರ್ಷವೆಲ್ಲ ಇರೋದು ಅಲ್ಲೇ. ಫಾರಂ ಕೊಟ್ಟೀನಿ."

ನಾನೂ ಕೊಟ್ಟಿದ್ದೇನೆ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಒಂದು ಹೆಚ್ಚಾದರೆ ಏನಾಗುತ್ತದೆ ಎಂದುಕೊಂಡೆ. ನಾಳೆ ಬೆಟ್ಟಕ್ಕೆ ಹೋಗಬೇಕು, ದುರ್ಗಮ್ಮನ ದರ್ಶನಕ್ಕೆ. ಮಡಿಸೀರೆ ತೆಗೆದಿಟ್ಟಿದ್ದೇನೆ.

25-1-2019, ವೈಜಾಗ್. ಸಂಜೆ, ಹಾಸ್ಟೆಲಿನ ಗೆಸ್ಟ್ ರೂಮು

ಮತದಾರರ ದಿನ. ನಾನಮ್ಮ ಬರಲೇಬೇಕು ಎಂದಳು, ಬಂದೆ. ನೇರಳೆ ರೇಷ್ಮೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತೆ. ಹಾಲ್ ತುಂಬಾ ಹುಡುಗರು, ಐನೂರಕ್ಕೆ ಕಡಿಮೆಯಿಲ್ಲ. ಚುನಾವಣಾ ಆಫೀಸಿನವರೊಬ್ಬರು ಸ್ಟೇಜಿನ ಮೇಲೆ.

ಇವಳು ಮೈಕ್ ಹಿಡಿದರೆ ಕೆಮ್ಮು ಕೂಡ ಇಲ್ಲ. ಭಾಷಣವಲ್ಲ, ಅಡುಗೆ ಹೇಳಿಕೊಟ್ಟ ಹಾಗೆ. ಒಬ್ಬರಿಗೆ ಒಂದೇ ಊರಲ್ಲಿ ಒಂದೇ ಹೆಸರು, ಎರಡು ಕಡೆ ಇದ್ದರೆ ಅಪರಾಧ ಎಂದಳು. ಪಟ್ಟಿಯಲ್ಲಿ ಹೆಸರು ಹುಡುಕುವುದು ಹೇಗೆ — ದೊಡ್ಡ ತೆರೆಯ ಮೇಲೆ ತೋರಿಸಲು ತನ್ನ ಹೆಸರು, ತಂದೆಯ ಹೆಸರು ಹೊಡೆದಳು.

ಎರಡು ಸಾಲು ಬಂದವು. ವಿಶಾಖಪಟ್ಟಣ. ವಿಜಯವಾಡ.

ಹಿಂದಿನಿಂದ ಯಾರೋ "ಮೇಡಂದೇ ಡಬಲ್!" ಎಂದು ಕೂಗಿದರು. ಹಾಲೆಲ್ಲ ನಗು.

ತೆರೆಯ ಎರಡೂ ಸಾಲು ಓದಿದಳು. ಆಮೇಲೆ — "ಹೌದು, ನನ್ನದೇ. ತಪ್ಪು ತಪ್ಪೇ. ವಿಚಾರಣೆ ಆಗಲಿ. ಎರಡೂ ಹೋದರೂ ಹೋಗಬಹುದು. ಸರಿ ಆಗೋವರೆಗೂ ನಾನು ಯಾರಿಗೂ ಪಾಠ ಹೇಳಲ್ಲ." ಮೈಕ್ ಇಟ್ಟು ಕೆಳಗಿಳಿದಳು.

ಆಫೀಸಿನವರು ಕೇಳಿದರು, ವಿಜಯವಾಡದ ಫಾರಂ ಕೊಟ್ಟವರು ಯಾರಮ್ಮಾ?

"ನಾನಲ್ಲ ಸಾರ್. ಕೇಳಿ ಹೇಳ್ತೀನಿ."

ನನ್ನ ಕಡೆ ನೋಡಲಿಲ್ಲ. ನೋಡದೆಯೇ ಗೊತ್ತಾಗಿತ್ತು ಅವಳಿಗೆ. ನಾನು ಎದ್ದು ನಿಲ್ಲಬೇಕಿತ್ತು. ಮುಂದಿನ ಸಾಲು, ನಾಲ್ಕು ಹೆಜ್ಜೆ. ಏಳಲಿಲ್ಲ.

ಈಗ ರೂಮಿಗೆ ಟೀ ತಂದಿಟ್ಟು ಹೋದಳು. ಸಕ್ಕರೆ ಸರಿಯಾಗಿತ್ತು.

11-2-2019, ಸೋಮವಾರ

ಹದಿನೇಳು ದಿನ ಏನೂ ಬರೆದಿಲ್ಲ.

ವಿಚಾರಣೆಗೆ ಇಲ್ಲಿಯ ಆಫೀಸಿಗೆ ಕರೆದಿದ್ದರು. ಅವಳು ವೈಜಾಗಿನಿಂದ ಬಂದಳು. ದುರ್ಗ ಒನ್ ಟೌನಿನ ಅಂಗಡಿ ಮುಚ್ಚಿ ಬರುತ್ತೇನೆ ಎಂದ. ಬೇಡ ಎಂದೆ. ಹೈಮಾವತಿಯೂ ಅಲ್ಲಿದ್ದಳು, ಮುಖ ಸಣ್ಣದು ಮಾಡಿಕೊಂಡು. ನನ್ನಿಂದ ಅವಳ ಕೆಲಸಕ್ಕೂ ಕುತ್ತು.

ಕಾಗದ ಕೇಳಿ ತೆಲುಗಿನಲ್ಲೇ ಬರೆದೆ. ಫಾರಂ ನನ್ನದು, ಸಹಿ ನನ್ನದು, ಮೊಮ್ಮಗಳಿಗೆ ಗೊತ್ತಿರಲಿಲ್ಲ, ಟೀಚರ್ ಬೇಡವೆಂದಿದ್ದರು, ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಕೆಳಗೆ ನನ್ನ ಸ್ವಂತ ಸಹಿ. ಎಷ್ಟು ದಿನವಾಗಿತ್ತು ಅದನ್ನು ಹಾಕಿ!

ಆಫೀಸರು ಓದಿ, "ದೊಡ್ಡವರು, ಹೋಗಲಿ ಬಿಡಿ" ಎಂದು ಮಡಚಲು ಹೋದರು.

ಇವಳು — "ಮಡಚಬೇಡಿ ಸಾರ್. ಫೈಲಿಗೆ ಹಾಕಿ. ನಾನಮ್ಮ ಬರೆದಿದ್ದಾರೆ ಅಂದ್ರೆ ಹಾಕಿಸಿಕೊಳ್ಳೋಕೇ ಬರೆದಿದ್ದಾರೆ."

ಬೇರೆ ಯಾರಾದರೂ ನನ್ನ ವಯಸ್ಸು ಮುಂದಿಟ್ಟು ಬೇಡಿಕೊಳ್ಳುತ್ತಿದ್ದರು. ಇವಳು ನನ್ನ ಮರ್ಯಾದೆ ಉಳಿಸಿದಳು.

ಎಚ್ಚರಿಕೆ ಬರೆದು ಕೊಟ್ಟರು. ಇಲ್ಲಿಯ ಹೆಸರು ತೆಗೆಯುತ್ತಾರೆ. ವೈಜಾಗಿನದು ಅಲ್ಲಿಯವರು ನೋಡಬೇಕು, ಉಳಿಯುತ್ತದೆಂದು ಈಗಲೇ ಹೇಳಲಾಗದು ಎಂದರು. ಮೆಟ್ಟಿಲಿಳಿಯುವಾಗ ಕೈ ಹಿಡಿದಳು. ನನಗೆ ಬೇಕಿರಲಿಲ್ಲ. ಹಿಡಿಯಲಿ ಎಂದು ಬಿಟ್ಟೆ.

9-4-2019

ನಾಡಿದ್ದು ಓಟು. ಸಾಯಿಗೆ ಇನ್ನೂ ಓಟಿನ ಸ್ಲಿಪ್ ಬಂದಿಲ್ಲ. ಫೋನಿನಲ್ಲಿ ಹೆಸರು ತೋರಿಸುತ್ತಿಲ್ಲ. "ಬೂತಿನಲ್ಲಿರೋ ಪಟ್ಟಿ ನೋಡೋವರೆಗೂ ಗೊತ್ತಾಗಲ್ಲ ನಾನಮ್ಮಾ." ಕ್ಲಬ್ಬಿನಿಂದ ಅವಳು ಸೇರಿಸಿದ ಮುನ್ನೂರ ಹನ್ನೆರಡು ಮಕ್ಕಳಿಗೂ ಬಂದಿದೆ. ಅವಳೊಬ್ಬಳಿಗೆ ಇಲ್ಲ. ಅಳುತ್ತಿಲ್ಲ. ಆ ಮಕ್ಕಳನ್ನು ಬೂತಿಗೆ ಕರೆದೊಯ್ಯಲು ಆಟೋ ಗೊತ್ತುಮಾಡುತ್ತಿದ್ದಾಳೆ.

11-4-2019, ಬೆಳಿಗ್ಗೆ 7.40

ದುರ್ಗ, ಸುಲೋಚನಾ ಹೋಗಿ ಹಾಕಿ ಬಂದರು. ನಾನು ಹೋಗಲಿಲ್ಲ. ಮಗುವಿನ ಓಟು ಬೀಳದೆ ನನ್ನದು ಬೀಳುವುದಿಲ್ಲ. ದುರ್ಗಮ್ಮನಿಗೆ ಹೇಳಿಕೊಂಡಿದ್ದೇನೆ.

"ಇದೆಂಥಾ ಹರಕೆ ಅಮ್ಮಾ!" ದುರ್ಗ.

"ನಿನ್ನ ಕೇಳಿಲ್ಲ."

ಮಧ್ಯಾಹ್ನ 1.15

ಫೋನ್ ಇಲ್ಲ. ಮಾಡಿದರೆ ಎತ್ತುತ್ತಿಲ್ಲ. ಅನ್ನ ಸೇರಲಿಲ್ಲ.

3.50

ಬೂತಿನೊಳಗೆ ಫೋನ್ ಬಿಡುವುದಿಲ್ಲವಂತೆ, ಸುಲೋಚನಾ ಹೇಳಿದಳು. ಇರಬಹುದು. ಬಿಸಿಲು ಇಳಿದಿಲ್ಲ. ನಾನು ಹಾಕಿದ ಸಹಿಯ ಸುಳಿಯಿಂದ ಆ ಮಗುವಿನ ಮೊದಲನೇ ಓಟು ಹೋದರೆ...

5.05

ಬಂತು. ಫೋನ್ ಬಂತು!

"ಹೆಸರಿತ್ತು ನಾನಮ್ಮಾ! ಪಟ್ಟಿಯ ಕೊನೇ ಹಾಳೆಯಲ್ಲಿತ್ತು. ಎಲ್ಲರನ್ನೂ ಕಳಿಸಿ ಕೊನೆಗೆ ನಾನು ಹಾಕಿದೆ. ಬೆರಳು ನೋಡಬೇಕು ನೀವು... ನಿಮ್ಮದು ಎಷ್ಟೊತ್ತಿಗೆ ಆಯ್ತು?"

ಹೇಳಿದೆ.

ಆಮೇಲೆ ಬೈದಳು ನೋಡು, ತೆಲುಗಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ. "ಮುನ್ನೂರು ಜನರ ಕೈ ಹಿಡಿದು ಕರಕೊಂಡು ಹೋದೆ, ನಮ್ಮನೆಯಾಗೇ ಒಂದು ಓಟು ದಂಡ ಮಾಡ್ತೀರಾ? ನನ್ನ ಓಟಿಗೆ ನಿಮ್ಮ ಓಟು ಕಟ್ಟೋಕೆ ಯಾರು ಹೇಳಿದರು? ಆರಕ್ಕೆ ಗೇಟ್ ಹಾಕ್ತಾರೆ. ಏಳಿ, ನಾನಮ್ಮಾ! ಈಗಲೇ ಏಳಿ!"

ಅತ್ತೆ ತೀರಿಕೊಂಡ ಮೇಲೆ ನನಗೆ ಏಳು ಎಂದವರಿಲ್ಲ. ಎಷ್ಟು ಚೆನ್ನಾಗಿ ಹೇಳಿದಳು!

ಎದ್ದಿದ್ದೇನೆ. ಸ್ಕೂಲು ಎರಡು ಬೀದಿಯಾಚೆ. ದುರ್ಗ ಸ್ಕೂಟರ್ ಸ್ಟಾರ್ಟ್ ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ. ಸ್ಲಿಪ್ ಸಿಕ್ಕಿತು, ಕನ್ನಡಕ ಎಲ್ಲಿ—