ಅಂಕಿ ಇಳಿದ ದಿನ

ಜುಲೈ 8, ಬೆಳಿಗ್ಗೆ 10
ಕೊಲ್ಹಾಪುರ. ವಾರ್ಡ್ ಸುತ್ತು ಮುಗಿಯಿತು. ಐದು ರೋಗಿಗಳು, ಐದು ಸೆನ್ಸರ್ ಪಟ್ಟಿ. ಒಂದು ಹನಿ ರಕ್ತ ಸಾಕು. ಪೆಟ್ಟಾದ ನರಮಂಡಲದಿಂದ ಮೈಯಲ್ಲಿ ಎಷ್ಟು ಉರಿಯೂತವಿದೆ ಎಂದು ಹತ್ತು ನಿಮಿಷದಲ್ಲಿ ಅಂಕಿ ಬರುತ್ತದೆ. ಬರಬೇಕು... ಅದನ್ನು ಪರೀಕ್ಷಿಸುವುದೇ ನನ್ನ ಪಿಎಚ್‌ಡಿ.

ಹೊಸ ರೋಗಿ ಕೃಷ್ಣಾತ. ಇಚಲಕರಂಜಿಯ ಶಹಾಪುರದಲ್ಲಿ ಮಗ್ಗದ ಕೆಲಸ. ಶೆಡ್ಡಿನ ತಗಡಿನ ಚಾವಣಿಯಿಂದ ಕೆಳಗೆ ಬಿದ್ದು ಬೆನ್ನುಹುರಿಗೆ ಪೆಟ್ಟು. ಸೊಂಟದ ಕೆಳಗೆ ಸ್ಪರ್ಶವಿಲ್ಲ. ಅಂಕಿ 212. ಹೆಂಡತಿ ಶೆವಂತಾ ಅಂಕಿ ತೋರಿಸುವ ಮೀಟರನ್ನೇ ನೋಡುತ್ತಿದ್ದಳು.

ಜುಲೈ 11
ಕೃಷ್ಣಾತನ ಅಂಕಿ 164.

ಜುಲೈ 14, ಮಧ್ಯಾಹ್ನ
58. ಲ್ಯಾಬ್ ವರದಿಯೂ ಹೆಚ್ಚುಕಡಿಮೆ ಅಷ್ಟೇ. ಪಟ್ಟಿ ಸರಿಯಾಗಿದೆ. ಖುಷಿಯಲ್ಲಿ ಬಾಯಿ ಜಾರಿತು.
“ಭಾಳ ಇಳಿದೈತ್ರಿ. ಛಲೋ ಆತು.”
“ಅಂದ್ರ ನಡೀತಾರಲ್ರಿ, ವೃಷಾಲಿ ಅಕ್ಕಾರ?” ಶೆವಂತಾ ಕೇಳಿದಳು.
ಅಷ್ಟರಲ್ಲಿ ಗೈಡ್ ಅವಧೂತ ಸರ್ ಫೋನ್. ಹೊರಗೆ ಬಂದೆ. ಉತ್ತರ ಕೊಡಲಿಲ್ಲ.

ಜುಲೈ 15
ಶೆವಂತಾ ಇಡೀ ವಾರ್ಡಿಗೆ ಪೇಢೆ ಹಂಚಿದ್ದಾಳೆ. ನನಗೂ ಎರಡು. ತಿಂದೆ. ತಿನ್ನಬಾರದಿತ್ತು.
ಉರಿಯೂತ ಇಳಿಯುವುದು ಬೇರೆ, ಹರಿದ ನರ ಕೂಡುವುದು ಬೇರೆ. ಸಂಜೆ ಡಾಕ್ಟರು ಎಂಆರ್‌ಐ ತೋರಿಸಿದರು. ಬೆನ್ನುಹುರಿ ಪೂರ್ತಿ ಹರಿದಿದೆ. ಮನೆಯವರಿಗೆ ಇನ್ನೂ ಹೇಳಿಲ್ಲವಂತೆ.

ಜುಲೈ 19
ಮೂರು ದಿನ ವಾರ್ಡಿಗೆ ಹೋಗಲಿಲ್ಲ. ಜೂನಿಯರ್ ಸೌರಭನನ್ನು ಕಳಿಸಿದೆ. ನೆಪ: ಡೇಟಾ ಕೆಲಸ.
ಕೊನೆಗೆ ಸರ್‌ಗೆ ಎಲ್ಲ ಹೇಳಿದೆ. ಅವರೆಂದರು: “ಪಟ್ಟಿ ತಪ್ಪಿಲ್ಲ, ನೀ ತಪ್ಪೀದಿ. ಡಾಕ್ಟರನ್ನ ಕರಕೊಂಡು ಹೋಗು. ನೀನೂ ಅಲ್ಲೇ ನಿಂದ್ರು.”

ಜುಲೈ 20, ಬೆಳಿಗ್ಗೆ 11:30
ಡಾಕ್ಟರು ಹೇಳಿದರು. ನಡೆಯುವ ಆಸೆ ಇಟ್ಟುಕೊಳ್ಳಬೇಡಿ ಎಂದು. ಕೃಷ್ಣಾತ ಗೋಡೆಯ ಕಡೆ ಮುಖ ತಿರುಗಿಸಿದ.
“ನನಗ ಮೊದಲ ದಿನಾನ ಅನಿಸಿತ್ರಿ. ಈಕಿ ಪೇಢೆ ಹಂಚೂವಾಗ ಹೆಂಗ ಹೇಳ್ಲಿ?”
ಡಾಕ್ಟರು ಹೋದ ಮೇಲೆ ಶೆವಂತಾಳ ಎದುರು ಕೂತೆ. “ಅವತ್ತ ನೀವು ಕೇಳಿದ್ರಿ, ನಾ ಉತ್ತರಾ ಕೊಡಲಿಲ್ಲ. ತಪ್ಪು ನಂದ್ರಿ.”
ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ. ಸೆರಗಿನ ಅಂಚನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ—
“ಕೈ ಗಟ್ಟಿ ಅದಾವಲ್ರಿ ಇವರವು. ಮಗ್ಗದ ಕಂಡಿಕಿ ಕೊಳವಿಗೆ ನೂಲ ಸುತ್ತೂ ಮಷೀನ್ ಐತಿ. ಕುಂತ ಮಾಡೂ ಕೆಲಸಾ. ಆಗ್ತೈತೇನ್ರಿ?”
ಈ ಸಲ ಅವಸರ ಮಾಡಲಿಲ್ಲ. ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದೆ. ಮಷೀನ್ ಎಷ್ಟು ಎತ್ತರ ಎಂದು ಕೇಳಿದೆ. ಶೆವಂತಾ ಕೈ ಚಾಚಿ ತೋರಿಸಿದಳು.
ಕೃಷ್ಣಾತ ಗೋಡೆಯಿಂದ ಮುಖ ಈಚೆ ಹೊರಳಿಸಿದ. “ಅಷ್ಟಿಲ್ಲ. ಇನ್ನೊಂದ ಗೇಣ ತಗ್ಗ ಐತಿ.”
ಬರೆದುಕೊಂಡೆ. ಗಾಲಿಕುರ್ಚಿಯ ಸೀಟು ನೆಲದಿಂದ ಎಷ್ಟು ಎತ್ತರ, ಅದನ್ನೂ ಅಳೆಯಬೇಕು.