ಮೂರನೆಯ ಸ್ಲೈಡಿನ ಅಂಚು

ಪಾಳಯಂಕೋಟೆ,
18 ಸೆಪ್ಟೆಂಬರ್ 2011, ಭಾನುವಾರ

ನನ್ನ ಎಸ್ತರ್‌ಗೆ,

ಅಮ್ಮನ ಮುತ್ತುಗಳು. ಕರ್ತನ ದಯೆಯಿಂದ ನಾನು ಹೀಗೇ ಇದ್ದೇನೆ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೆಂದು ನಂಬಿಕೊಂಡಿದ್ದೇನೆ. ನಿನ್ನ ಕಾಗದ ಬಂದು ಐದು ವಾರವಾಯಿತು. ನಡುವೆ ನೀನು ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ನಾನು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಇಟ್ಟುಬಿಟ್ಟೆ. ಅಷ್ಟು ಹಾಲು ಈ ಮನೆಗೆ ಬರುವುದಿಲ್ಲವೆಂದು ನಿನಗೂ ಗೊತ್ತು. ತಪ್ಪು ನನ್ನದೇ, ಬೈಯಬೇಕೆನಿಸಿದರೆ ಬೈದುಕೋ.

ಇಲ್ಲಿ ಹೊಸದೇನಿಲ್ಲ. ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತದೆ. ನಿನ್ನಪ್ಪ ಮದರಾಸಿನಿಂದ ತಂದುಕೊಟ್ಟ ಮೇಜಿನ ದೀಪದ ಸ್ವಿಚ್ಚು ಸಡಿಲವಾಗಿತ್ತು, ರಿಪೇರಿ ಮಾಡಿಸಿದೆ. ಕತ್ತು ನೋವು ಹಾಗೇ ಇದೆ. ರಿಟೈರ್ ಆದ ಮೇಲೂ ಎರಡು ವರ್ಷ ಇರಿ ಎಂದು ಆಸ್ಪತ್ರೆಯವರು ಕೇಳಿದಾಗ ಒಪ್ಪಿಕೊಂಡಿದ್ದು ದಡ್ಡತನವಾಯಿತು. ಬೆಳಿಗ್ಗೆ ಹೋದರೆ ಮೈಕ್ರೋಸ್ಕೋಪಿನ ಪಕ್ಕ ಸ್ಲೈಡುಗಳ ಟ್ರೇಗಳು ಪೇರಿಸಿರುತ್ತವೆ. ಒಂದೊಂದು ಗಾಜಿನ ಮೇಲೂ ಒಬ್ಬೊಬ್ಬರ ಗಂಟಲು, ಸ್ತನ, ಗರ್ಭಕೋಶ. ಮೊದಲು ಒಂದು ಟ್ರೇ ಮುಗಿಸಿದರೆ ಇನ್ನೊಂದು ತಾ ಎನ್ನುತ್ತಿದ್ದೆ. ಈಗ ಒಂದು ಮುಗಿಸಿ ಕಿಟಕಿಯಾಚೆ ನೋಡುತ್ತಾ ಕೂರುತ್ತೇನೆ. ಲ್ಯಾಬಿನ ಸುಡಲೈಮುತ್ತು ಚಹಾ ತಂದಿಟ್ಟು, "ಅಮ್ಮಾ, ಆರೋಗತ್ತೆ" ಅಂತ ಎರಡು ಸಲ ಹೇಳುತ್ತಾನೆ, ಆದರೂ ಆರಿಸಿಯೇ ಕುಡಿಯುತ್ತೇನೆ. ಅವನಿಗೂ ತಲೆ ಪೂರ್ತಿ ಬೆಳ್ಳಗಾಯಿತು. ಮೇಣದ ಅಚ್ಚಿನಲ್ಲಿ ಕೂರಿಸಿದ ಚೂರನ್ನು ಸ್ಲೈಡಿಗೆಂದು ಅವನಷ್ಟು ತೆಳ್ಳಗೆ ಕತ್ತರಿಸುವವರು ಈ ಜಿಲ್ಲೆಯಲ್ಲಿ ಇನ್ನೂ ಇಲ್ಲ.

ಸರಿ, ನಿನ್ನ ಕಾಗದಕ್ಕೆ ಬರುತ್ತೇನೆ.

ನವೆಂಬರಿನ ಸೆಮಿನಾರಿಗೆ ಅಪ್ಪನ ಸ್ಲೈಡುಗಳು ಬೇಕು ಎಂದು ಬರೆದಿದ್ದೀಯೆ. ಅಂಥ ಸಾರ್ಕೋಮಾ ಕ್ಯಾನ್ಸರ್ ಬಂದವರು ಇಪ್ಪತ್ತೊಂದು ವರ್ಷ ಬದುಕಿದ್ದು ನಿಮ್ಮ ಪೆಥಾಲಜಿ ಡಿಪಾರ್ಟ್‌ಮೆಂಟಿನಲ್ಲಿ ಯಾರೂ ಕೇಳಿಲ್ಲವಂತೆ. 'ತೋಳು ಹೋಯಿತು, ಮನುಷ್ಯ ಉಳಿದ' ಎಂದು ಹೆಸರಿಡುತ್ತೀಯಂತೆ. ಕೊನೆಗೆ ನನ್ನ ಫೋಟೋ ತೋರಿಸುತ್ತೀಯಂತೆ. ಈ ಕೊನೆಯ ಸಾಲು ಓದಿ ಕಾಗದವನ್ನು ಬೈಬಲ್ಲಿನೊಳಗೆ ಮಡಚಿಟ್ಟವಳು ಐದು ವಾರ ಬೈಬಲ್ಲನ್ನೂ ತೆರೆಯಲಿಲ್ಲ.

ಕೊಡುವುದೋ ಬೇಡವೋ ಎಂದು ಈ ಐದು ವಾರ ಒದ್ದಾಡಿದೆ. ಸ್ಲೈಡ್ ಒಡೆದುಹೋಯಿತು, ಬಣ್ಣ ಮಾಸಿಹೋಯಿತು, ಗೋದಾಮಿನಲ್ಲಿ ಗೆದ್ದಲು ಹಿಡಿಯಿತು, ಎಲ್ಲ ಸುಳ್ಳುಗಳೂ ಸಿದ್ಧವಾಗಿದ್ದವು. ಇವತ್ತು ಆರಾಧನೆ ಮುಗಿಸಿ ಬಂದು, ಸೀರೆಯನ್ನೂ ಬದಲಿಸದೆ ಬರೆಯಲು ಕೂತಿದ್ದೇನೆ. ಎದ್ದರೆ ಮತ್ತೆ ಕೂರುವುದಿಲ್ಲವೆಂದು ನನಗೆ ಗೊತ್ತು.

1989ರ ಮೇ ತಿಂಗಳಲ್ಲಿ ಸ್ಕೂಲಿನ ಮೈದಾನದಲ್ಲಿ ವಾಲಿಬಾಲ್ ನೆಟ್ಟಿನ ಕಂಬ ಬಿದ್ದು ನಿನ್ನಪ್ಪನ ಬಲ ಮುಂಗೈ ಸೀಳಿತು. ಏಳು ಹೊಲಿಗೆ. ನಿನಗೆ ಆಗ ನಾಲ್ಕು ವರ್ಷ. "ಪಿ.ಟಿ. ಮಾಸ್ಟರಾಗಿ ಗಾಯ ಇಲ್ದೆ ಇದ್ರೆ ಹುಡುಗ್ರು ಮರ್ಯಾದೆ ಕೊಡಲ್ಲ ಕಣೇ" ಎಂದು ನಗುತ್ತಿದ್ದರು. ಗಾಯ ಒಣಗಿತು. ಜುಲೈನಲ್ಲಿ ಅದೇ ಜಾಗದಲ್ಲಿ ಗಂಟು ಬಂತು. ಎರಡೇ ವಾರಕ್ಕೆ ನೆಲ್ಲಿಕಾಯಿಯಷ್ಟಾಯಿತು. ನಮ್ಮ ಆಸ್ಪತ್ರೆಯ ಸರ್ಜನ್ ಡಾಕ್ಟರ್ ದೇವಸಹಾಯಂ ಅದರ ಒಂದು ಚೂರು ತೆಗೆದು ಪರೀಕ್ಷೆಗೆ ಕೆಳಗೆ ಕಳಿಸಿದರು. ಕೆಳಗೆ ಎಂದರೆ ನನ್ನ ಬಳಿಗೆ. ಮನೆಯವರ ಸ್ಲೈಡನ್ನು ಮನೆಯವರು ಓದಬಾರದು ಎನ್ನುತ್ತಾರೆ, ನಿನಗೂ ಪಾಠದಲ್ಲಿ ಹೇಳಿರುತ್ತಾರೆ. ಆಗ ಇಡೀ ಆಸ್ಪತ್ರೆಗೆ ಓದುವವಳು ನಾನೊಬ್ಬಳೇ.

ನನ್ನ ಪದ್ಧತಿ ನಿನಗೆ ಗೊತ್ತು. ಚಿಕ್ಕಂದಿನಲ್ಲಿ ನನ್ನ ಮೇಜಿನ ಪಕ್ಕ ಕೂತು ನೋಡಿದವಳು ನೀನು. ರೋಗಿಯ ಫಾರಂ ಬೋರಲು. ಮೊದಲು ಸ್ಲೈಡ್, ಆಮೇಲೆ ಹೆಸರು, ವಯಸ್ಸು, ಕಥೆ. ಕಥೆ ಮೊದಲೇ ಕೇಳಿದರೆ ಕಣ್ಣು ಕಥೆಯನ್ನೇ ಹುಡುಕುತ್ತದೆ ಎಂದು ನನ್ನ ನಂಬಿಕೆ. ನಾನು ನೋಡಿ ಜೋರಾಗಿ ಹೇಳುತ್ತೇನೆ, ಸುಡಲೈ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಾನೆ, ಬಳಿಕ ಫಾರಂ ತಿರುಗಿಸಿ, ಬೇಕಿದ್ದರೆ ತಿದ್ದಿ, ಪೆನ್ನಿನಲ್ಲಿ ಬರೆಯುವುದು. ಅದರ ಬಗ್ಗೆ ನನಗೆ ಜಂಬವಿತ್ತು. ಆ ದಿನ ಟ್ರೇಯಲ್ಲಿ ಇಪ್ಪತ್ತು ಜನರ ಸ್ಲೈಡುಗಳಿದ್ದವು. ಅವುಗಳಲ್ಲಿ ಅವರದೂ ಇದೆಯೆಂದು ಗೊತ್ತಿತ್ತು, ಯಾವುದೆಂದು ಗೊತ್ತಿರಲಿಲ್ಲ. ಹೀಗೆ ಓದಿದರೆ ನ್ಯಾಯವಾಗಿ ಓದಿದಂತೆ ಎಂದುಕೊಂಡೆ.

ಹನ್ನೊಂದನೆಯವರದು ಇಟ್ಟೆ. ತುಂಬಿ ತುಳುಕುವ ಉದ್ದುದ್ದ ಜೀವಕೋಶಗಳು, ಎಲ್ಲಿ ನೋಡಿದರೂ ಒಡೆದು ಎರಡಾಗುತ್ತಿದ್ದವು. ಅರ್ಧ ನಿಮಿಷವೂ ಆಗಲಿಲ್ಲ. "ಸಾರ್ಕೋಮಾ" ಎಂದೆ. ಸುಡಲೈ ಬರೆದು, ಫಾರಂ ತಿರುಗಿಸಿದವನು ಪೆನ್ಸಿಲ್ ಕೆಳಗಿಟ್ಟ.

"ಯಾರದೋ?" ಎಂದೆ.

"ಅಮ್ಮಾ, ಇದು ನಮ್ಮ ಸಾರ್‌ದು" ಎಂದ. ಚೀಟಿಯನ್ನು ನನ್ನ ಕಡೆ ಸರಿಸಿ, "ಪೆನ್ಸಿಲ್ಲಲ್ಲೇ ಬರ್ದಿರೋದು. ಅಳಿಸ್ಲಾ? ಇನ್ನೊಂದ್ಸಲ ನೋಡಿ" ಎಂದ.

ನೋಡಿದೆ. ಎಸ್ತರ್, ಈ ಎರಡನೆಯ ನೋಟವನ್ನು ನಿನಗೆ ಸರಿಯಾಗಿ ಹೇಳಬೇಕು. ಗಾಯ ಕೂಡಿಕೊಳ್ಳುವಾಗ ಹುಟ್ಟುವ ಜೀವಕೋಶಕ್ಕೂ ಹೀಗೇ ಅವಸರವಿರುತ್ತದೆ, ಅದೂ ಹೀಗೇ ಒಡೆದು ಎರಡಾಗುತ್ತದೆ. ನಡುಮಧ್ಯೆ ನೋಡಿದರೆ ಕ್ಯಾನ್ಸರಿಗೂ ಅದಕ್ಕೂ ಮುಖ ಒಂದೇ. ವ್ಯತ್ಯಾಸ ಅಂಚಿನಲ್ಲಿರುತ್ತದೆ. ಕ್ಯಾನ್ಸರ್ ಅಂಚಿನಲ್ಲೂ ನುಗ್ಗುತ್ತದೆ, ಗಾಯ ಅಂಚಿಗೆ ಬಂದ ಹಾಗೆ ನಿಧಾನವಾಗಿ ತಣ್ಣಗಾಗುತ್ತದೆ. ಅವರ ಚೂರಿನಿಂದ ಮಾಡಿದ್ದ ಸ್ಲೈಡುಗಳಲ್ಲಿ ಮೂರನೆಯದರ ಅಂಚು ತಣ್ಣಗಿತ್ತು. ಅಲ್ಲೇ ಹೊಲಿಗೆ ದಾರದ ಒಂದು ತುಣುಕು ಉಳಿದಿತ್ತು, ಸುತ್ತ ದೊಡ್ಡ ಜೀವಕೋಶಗಳು ಅದನ್ನು ತಬ್ಬಿಕೊಂಡಿದ್ದವು. ಏಳು ಹೊಲಿಗೆ ನೆನಪಾಯಿತು. ಇದು ಬರೀ ಗಾಯ ಇರಬಹುದಲ್ಲ ಎಂದು ಹೊಳೆಯಿತು.

ಹೊಳೆದ ಮರುಕ್ಷಣವೇ ನನ್ನ ಮೇಲೆ ನನಗೆ ಅಸಹ್ಯವಾಯಿತು. ಹೆಸರು ಕಾಣುವ ಮೊದಲು ಅರ್ಧ ನಿಮಿಷದಲ್ಲಿ ಕ್ಯಾನ್ಸರ್ ಎಂದವಳು ಹೆಸರು ಕಂಡ ಮೇಲೆ ಗಾಯ ಎನ್ನುತ್ತಿದ್ದೀಯಲ್ಲ, ನೋಡುತ್ತಿರುವುದು ಡಾಕ್ಟರೋ ಹೆಂಡತಿಯೋ ಎಂದು ಕೇಳಿಕೊಂಡೆ. ಬೇರೆ ಯಾರದ್ದೇ ಸ್ಲೈಡ್ ಆಗಿದ್ದರೆ ಆ ಅನುಮಾನವನ್ನು ಗೌರವಿಸುತ್ತಿದ್ದೆ. ಗಂಡನದೆಂಬ ಕಾರಣಕ್ಕೇ ಅದನ್ನು ಕತ್ತು ಹಿಸುಕಿ ಕೊಂದೆ. "ಅಳಿಸಬೇಡ. ಪೆನ್ನಲ್ಲೇ ಬರಿ" ಎಂದೆ.

ದೇವಸಹಾಯಂ ಒಳ್ಳೆಯವರು. ಅವರೇ ಕೆಳಗೆ ಬಂದು, "ಗ್ರೇಸಮ್ಮ, ಮದರಾಸಿಗೆ ಕಳಿಸಿ ಇನ್ನೊಬ್ಬರ ಹತ್ರ ಓದಿಸೋಣ್ವಾ? ಮೂರು ವಾರ ಆಗ್ಬಹುದು ಅಷ್ಟೇ" ಎಂದರು.

"ಮೂರು ವಾರದಲ್ಲಿ ಶ್ವಾಸಕೋಶಕ್ಕೆ ಹೋದ್ರೆ?" ಎಂದೆ.

"ನೀವು ಖಚಿತ ಅಂದ್ರೆ ನಾನು ಕಾಯಲ್ಲ."

"ಖಚಿತ" ಎಂದೆ.

ಮೊಣಕೈಗಿಂತ ಮೇಲಕ್ಕೆ ತೋಳನ್ನು ಕತ್ತರಿಸಿ ತೆಗೆದರು. ತೆಗೆದದ್ದನ್ನು ಪದ್ಧತಿಯಂತೆ ಬಕೆಟ್ಟಿನಲ್ಲಿ ನನ್ನ ಬಳಿಗೇ ಕಳಿಸಿದರು. ಸುಡಲೈಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ. ಮಣಿಕಟ್ಟಿನಲ್ಲಿ ವಾಚಿನ ಬೆಳ್ಳನೆಯ ಗುರುತಿತ್ತು. ಐವತ್ತೆರಡು ಚೂರು ತೆಗೆದು ಒಂದೊಂದನ್ನೂ ನೋಡಿದೆ. ಕ್ಯಾನ್ಸರಿನ ಒಂದು ಜೀವಕೋಶವೂ ಇರಲಿಲ್ಲ. ಹೆಚ್ಚುಕಡಿಮೆ ವಾಸಿಯಾದ ಗಾಯವಿತ್ತು, ದಾರದ ಇನ್ನೆರಡು ತುಣುಕುಗಳಿದ್ದವು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಆ ಗಂಟು ತಾನೇ ಕರಗಿಹೋಗುತ್ತಿತ್ತು.

ರಿಪೋರ್ಟಿನಲ್ಲಿ ಬರೆದೆ: 'ಗಡ್ಡೆ ಉಳಿದಿಲ್ಲ. ಅಂಚುಗಳು ಸ್ವಚ್ಛ.' ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಕ್ಯಾನ್ಸರ್ ಪೂರ್ತಿ ತೆಗೆದಾಯಿತೆಂದೇ ಎಲ್ಲರೂ ಅದನ್ನು ಓದುತ್ತಾರೆಂದು ನನಗೆ ಗೊತ್ತಿತ್ತು, ಹಾಗೆಯೇ ಓದಿದರು. ದೇವಸಹಾಯಂ ನನ್ನ ಕೈ ಕುಲುಕಿದರು. ನಿನ್ನಜ್ಜಿ ದೇವಾಲಯದಲ್ಲಿ ಸ್ತೋತ್ರಕಾಣಿಕೆ ಹಾಕಿದರು. ನಿನ್ನಪ್ಪ ವಾರ್ಡಿನಲ್ಲಿ ಎಲ್ಲರಿಗೂ ಹಲ್ವ ಹಂಚಿಸಿ, "ಒಂದು ಕೈ ಹೋದ್ರೇನು, ಹಲ್ವ ತಿನ್ನೋಕೆ ಇನ್ನೊಂದಿದೆ" ಎಂದರು. ಆಮೇಲೆ ಅವರನ್ನು ಮೈದಾನದಿಂದ ಸ್ಕೂಲಿನ ಲೈಬ್ರರಿಗೆ ಹಾಕಿದರು. ಸಂಜೆ ಹುಡುಗರು ಆಡುವ ಹೊತ್ತಿಗೆ ಲೈಬ್ರರಿಯ ಆ ಕಡೆಯ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಕೆಲವು ದಿನ ಊಟಕ್ಕೆ ಕೂತಾಗ, "ಡಾಕ್ಟರಮ್ಮ, ಇಲ್ಲದ ಕೈ ತುರಿಸ್ತಿದೆ, ಏನಾದ್ರೂ ಮಾಡು" ಎನ್ನುತ್ತಿದ್ದರು. ನಾನು ಏನೂ ಮಾಡಲಿಲ್ಲ.

ಮನೆಗೆ ಯಾರೇ ಬರಲಿ, ಅವರು ಹೇಳುತ್ತಿದ್ದ ಕಥೆ ನಿನಗೆ ಬಾಯಿಪಾಠ. "ಇವಳು ಅರ್ಧ ನಿಮಿಷದಲ್ಲಿ ಕಂಡುಹಿಡಿದಳು. ಇಲ್ದಿದ್ರೆ ನಾನು ಇಷ್ಟೊತ್ತಿಗೆ ಕಲ್ಲಿನ ಕೆಳಗೆ ಮಲಗಿರ್ತಿದ್ದೆ." ಆ ಕಥೆ ಕೇಳಿಯೇ ನೀನು ಈ ಓದಿಗೆ ಹೋದೆ. ನಿಜ ಹೇಳಿದರೆ ಅವರಿಗೆ ಎರಡನೆಯ ಸಲ ಕೈ ಕತ್ತರಿಸಿದಂತೆ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡು ಬಂದೆ. ಕೈ ಹೋಗಿದ್ದಕ್ಕೆ ಅವರಿಗೆ ಒಂದು ಅರ್ಥವಾದರೂ ಇರಲಿ ಎಂದುಕೊಂಡೆ. ಅವರಿಂದ ಮುಚ್ಚಿಟ್ಟೆ, ಹೋದ ಡಿಸೆಂಬರಿನಲ್ಲಿ ಮುಚ್ಚಿಟ್ಟುಕೊಂಡೇ ಮಣ್ಣು ಮಾಡಿದೆ. ಆ ಸ್ಲೈಡುಗಳನ್ನು ಈ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ತೆಗೆದು ನೋಡಿಲ್ಲ. ಹೆದರಿಕೆ, ಬೇರೇನಿಲ್ಲ.

ನಾಳೆ ಸುಡಲೈಗೆ ಹೇಳಿ ಗೋದಾಮಿನಿಂದ ತರಿಸಿ, ಈ ಕಾಗದದ ಜೊತೆ ಪಾರ್ಸೆಲ್ ಮಾಡುತ್ತೇನೆ. ಸೆಮಿನಾರಿನಲ್ಲಿ ತೋರಿಸು. ನೀನಿಟ್ಟ ಶೀರ್ಷಿಕೆ ಮಾತ್ರ ಬದಲಿಸು. ಗಾಯವನ್ನು ಕ್ಯಾನ್ಸರ್ ಎಂದು ಓದಿದ ಕಥೆ ಎಂದೇ ಹೇಳು, ಓದಿದವಳು ಯಾರೆಂದೂ ಹೇಳು. ಫೋಟೋ ಹಾಕುವುದಾದರೆ ಹಾಕು, ನನಗೆ ಬೇಸರವಿಲ್ಲ. ನಿನ್ನ ಜೊತೆಯ ಹುಡುಗರಲ್ಲಿ ಒಬ್ಬರಾದರೂ ಮುಂದೆ ಪೆನ್ನು ಎತ್ತುವ ಮೊದಲು ಅಂಚು ನೋಡಿದರೆ ಸಾಕು. ನನ್ನ ಮೇಲೆ ಕೋಪ ಬಂದರೆ ಬರಲಿ, ಆದರೆ ಫೋನ್ ಎತ್ತದೇ ಇರಬೇಡ.

ಎಣ್ಣೆ ಹಚ್ಚಿ ತಲೆಗೆ ಸ್ನಾನ ಮಾಡು. ಕರುಪಟ್ಟಿ ಬೆಲ್ಲ ಬೇರೆ ಪೊಟ್ಟಣದಲ್ಲಿ ಕಳಿಸುತ್ತೇನೆ. ನಿನ್ನ ಕಣ್ಣುಗಳನ್ನು ದೇವರು ಕಾಯಲಿ, ನನ್ನವಕ್ಕಿಂತ ನಿಧಾನದ ಕಣ್ಣುಗಳಾಗಲಿ ಅವು.

ನಿನ್ನ ಅಮ್ಮ,
ಗ್ರೇಸ್ ರತ್ನಭಾಯಿ

ಮರೆತ ಮಾತು, ಸೋಮವಾರ ಮಧ್ಯಾಹ್ನ:

ಸ್ಲೈಡುಗಳು ಸಿಕ್ಕವು. ಪಾರ್ಸೆಲ್ ಕಟ್ಟುವ ಮುನ್ನ ಒಂದು ಸಲ ನೋಡೋಣವೆಂದು ಮೂರನೆಯದನ್ನು ಮೈಕ್ರೋಸ್ಕೋಪಿಗೆ ಇಟ್ಟೆ. ಅಂಚಿನಲ್ಲಿ, ಸರಿಯಾಗಿ ದಾರದ ತುಣುಕಿನ ಪಕ್ಕದಲ್ಲಿ, ಗಾಜಿನ ಮೇಲೆ ಹಸಿರು ಶಾಯಿಯ ಚುಕ್ಕೆಯಿದೆ. ಇಲ್ಲಿ ನೋಡು ಎಂದು ನಾವು ಗುರುತು ಹಾಕುತ್ತೇವಲ್ಲ, ಅಂಥ ಚುಕ್ಕೆ. ನಾನು ಹಸಿರು ಬಳಸಿದವಳಲ್ಲ.

ಸುಡಲೈಯನ್ನು ಕೇಳಿದೆ. ಅವನು ಒಳಗೆ ಹೋಗಿ ಹಳೆಯ ರಿಜಿಸ್ಟರ್ ತಂದ. ರೋಗಿಗಳು ತಮ್ಮ ಸ್ಲೈಡನ್ನು ಬೇರೆ ಕಡೆ ತೋರಿಸಲು ಕೊಂಡೊಯ್ಯುವಾಗ ಸಹಿ ಹಾಕುವ ಪುಸ್ತಕ. 11 ಫೆಬ್ರವರಿ 1993, ಪಡೆದವರು: ಆಸೀರ್ವಾದಂ, ಸ್ವತಃ. ನಿನ್ನಪ್ಪನ ಎಡಗೈಯ ಆ ಸೊಟ್ಟ ಸಹಿ ನೀನೂ ನಿನ್ನ ಮಾರ್ಕ್ಸ್ ಕಾರ್ಡುಗಳ ಮೇಲೆ ನೋಡಿದ್ದೀಯೆ. ಇಪ್ಪತ್ತಾರು ದಿನದ ಬಳಿಕ ಹಿಂದಿರುಗಿಸಿದ್ದಾರೆ.

"ಹದಿನೆಂಟು ವರ್ಷ ಒಂದು ಮಾತೂ ಆಡ್ಲಿಲ್ವಲ್ಲೋ" ಎಂದೆ.

"ಸಾರ್ ಆಣೆ ಹಾಕಿಸ್ಕೊಂಡಿದ್ರಮ್ಮ. 'ಅವಳಿಗೆ ಗೊತ್ತಾದ್ರೆ ಮತ್ತೆ ಮೈಕ್ರೋಸ್ಕೋಪ್ ಮುಟ್ಟಲ್ಲ ಕಣೋ' ಅಂದ್ರು" ಎಂದು ತಲೆ ತಗ್ಗಿಸಿದ.

ಆ ಫೆಬ್ರವರಿ ನನಗೆ ನೆನಪಿದೆ. ಲೈಬ್ರರಿಗೆ ಪುಸ್ತಕ ಕೊಳ್ಳಲು ಮದರಾಸಿಗೆ ಹೋಗಬೇಕೆಂದಿದ್ದರು. ಹಸಿರು ಚುಕ್ಕೆ ಇಟ್ಟವರು ಅಲ್ಲಿಯ ಯಾರೋ ಡಾಕ್ಟರಿರಬೇಕು. ದಾರಿಗೆ ಪುಳಿಯೋದರೈ ಬುತ್ತಿ ಕಟ್ಟಿಕೊಟ್ಟಿದ್ದೆ. ಬರುವಾಗ ಈ ಮೇಜಿನ ದೀಪ ತಂದಿದ್ದರು. "ಚೆನ್ನಾಗಿ ಬೆಳಕಿರ್ಲಿ, ಕಣ್ಣಿಗೆ ಶ್ರಮ ಆಗ್ಬಾರದು" ಎಂದಿದ್ದರು.

ನಿನಗೆ ಮೆಡಿಕಲ್ ಸೀಟು ಸಿಕ್ಕ ದಿನ, 2003ರಲ್ಲಿ, ಮನೆ ತುಂಬ ಜನರಿದ್ದರು. ಅವರು ಎದ್ದು ನಿಂತು ಆ ಅರ್ಧ ನಿಮಿಷದ ಕಥೆಯನ್ನು ಹೇಳಿ, ಎಡಗೈಯನ್ನು ನನ್ನ ತಲೆಯ ಮೇಲಿಟ್ಟರು. ಆಗ ಅವರಿಗೆ ನಿಜ ಗೊತ್ತಾಗಿ ಹತ್ತು ವರ್ಷವಾಗಿತ್ತು. ಕ್ಷಮಿಸಿ ಇಟ್ಟರೋ, ಶಿಕ್ಷೆಯೆಂದು ಇಟ್ಟರೋ ನನಗೆ ತಿಳಿಯುತ್ತಿಲ್ಲ ಎಸ್ತರ್. ನಾನು ಒಮ್ಮೆ ಬಾಯಿ ಬಿಟ್ಟಿದ್ದರೆ ಅವರೇ ಹೇಳುತ್ತಿದ್ದರು.

ಫೋಟೋ ತೆಗೆಯುವ ಮುನ್ನ ಸ್ಲೈಡುಗಳನ್ನು ಸ್ಪಿರಿಟ್ ಹಾಕಿ ಒರೆಸುವುದು ನಿಮ್ಮ ಅಭ್ಯಾಸ. ಮೂರನೆಯದರ ಮೇಲಿನ ಹಸಿರು ಚುಕ್ಕೆಯನ್ನು ಒರೆಸಬೇಡ.